ಹಿಂಪಡೆಯುವುದು ಬೇರೆ, ಮರಳಿ ಸಿಗುವುದು ಬೇರೆ: ಮಡಿಕೇರಿಯ ಒಂದು ಡೇಟಾ ರಿಕವರಿ ಅಂಗಡಿ

ಮಡಿಕೇರಿಯ ಚೌಕಿಯಿಂದ ಕೆಳಗಿಳಿಯುವ ರಸ್ತೆಯೊಂದರಲ್ಲಿ, ಛತ್ರಿ ರಿಪೇರಿಯವರ ಪಕ್ಕದಲ್ಲಿ, ಮೂರು ಮೆಟ್ಟಿಲು ಹತ್ತಿ ಒಳಗೆ ಹೋಗಬೇಕಾದ ಒಂದು ಸಣ್ಣ ಕಂಪ್ಯೂಟರ್ ಅಂಗಡಿಯಿದೆ. ಮಾಲೀಕರು ಮತ್ತು ಒಬ್ಬ ಹುಡುಗ, ಇಬ್ಬರೇ ನಡೆಸುವ ಅಂಗಡಿಯಾದ್ದರಿಂದಲೂ ಈ ಬರಹದಲ್ಲಿ ಮೆಚ್ಚುಗೆಯ ಜೊತೆಗೆ ಒಂದು ದೂರು ಇರುವುದರಿಂದಲೂ ಅದರ ಹೆಸರನ್ನು ಬರೆಯುವುದಿಲ್ಲ. ಬಾಗಿಲ ಮೇಲಿನ ಫಲಕದಲ್ಲಿ ದೊಡ್ಡದಾಗಿ ‘ಡೇಟಾ ರಿಕವರಿ’ ಎಂದೂ ಅದರ ಕೆಳಗೆ ಸಣ್ಣ ಅಕ್ಷರಗಳಲ್ಲಿ ‘ಕಳೆದುಹೋದ ಮಾಹಿತಿಯನ್ನು ಹಿಂಪಡೆಯಲಾಗುವುದು’ ಎಂದೂ ಇದೆ. ಭಾಷಾಂತರವೇ ನನ್ನ ಕಸುಬಾದ್ದರಿಂದ, ಒದ್ದೆ ಛತ್ರಿಯನ್ನು ಮಡಚುತ್ತಾ ಆ ಸಾಲನ್ನು ಎರಡು ಸಲ ಓದಿದೆ. ‘ಹಿಂಪಡೆ’ ಎಂಬ ಪದದೊಂದಿಗೆ ನನಗೆ ಹಳೆಯ ಜಗಳವಿದೆ. ಆ ಜಗಳಕ್ಕೆ ಉತ್ತರವೂ ಅದೇ ಅಂಗಡಿಯ ರಸೀದಿಯಲ್ಲಿತ್ತು ಎಂಬುದು ನಾಲ್ಕು ದಿನಗಳ ನಂತರ ತಿಳಿಯಿತು.

ಹೋದದ್ದು ಏನೆಂದು ಮೊದಲು ಹೇಳಬೇಕು. ಜುಲೈ ತಿಂಗಳ ಒಂದು ಸಂಜೆ ನಾಪೋಕ್ಲು ಕಡೆಯ ನಮ್ಮ ಮನೆಯಲ್ಲಿ ಕರೆಂಟು ಐದಾರು ಸಲ ಹೋಗಿ ಬಂದಿತು. ಆಗ ಕಂಪ್ಯೂಟರಿಗೆ ಸಿಕ್ಕಿಸಿದ್ದ ಒಂದು ಟಿಬಿಯ ಹಾರ್ಡ್ ಡಿಸ್ಕ್ ಮರುದಿನ ಬೆಳಿಗ್ಗೆ ತೆರೆದುಕೊಳ್ಳಲಿಲ್ಲ, ಆಗೀಗ ಒಳಗಿನಿಂದ ಟಕ್ ಟಕ್ ಎಂದು ಗಡಿಯಾರದಂತೆ ಸದ್ದು ಮಾಡಿತು. ಹದಿನಾರು ವರ್ಷಗಳ ಕೆಲಸ ಅದರಲ್ಲಿತ್ತು: ಸಹಕಾರ ಸಂಘಗಳ ಸಾಲದ ಅರ್ಜಿಗಳು, ಆರೋಗ್ಯ ಇಲಾಖೆಯ ಕರಪತ್ರಗಳು, ಭೂಮಿಯ ವ್ಯಾಜ್ಯದ ಕಾಗದಗಳ ಕನ್ನಡ ರೂಪಗಳು, ಕೆಲಸದ ನಡುವೆ ಕೂಡಿಸುತ್ತಾ ಬಂದ ಒಂದು ಪದಪಟ್ಟಿ, ಮತ್ತು ನನ್ನ ತಂದೆಯವರ ಕೊನೆಯ ಎರಡು ವರ್ಷಗಳ ಫೋಟೊಗಳು. ಬೇರೆಡೆ ಪ್ರತಿ ಇಡಬೇಕೆಂಬ ಬುದ್ಧಿವಾದವನ್ನು ಅನೇಕ ಕರಪತ್ರಗಳಲ್ಲಿ ನಾನೇ ಕನ್ನಡಕ್ಕೆ ತಂದಿದ್ದೇನೆ, ಪಾಲಿಸಿರಲಿಲ್ಲ.

ಮಾಲೀಕರು ಡಿಸ್ಕನ್ನು ಕೈಗೆತ್ತಿಕೊಂಡವರೇ ಅದನ್ನು ಯಂತ್ರಕ್ಕೆ ಸಿಕ್ಕಿಸಲಿಲ್ಲ. “ಮನೇಲಿ ಎಷ್ಟು ಸಲ ಹಾಕಿ ನೋಡಿದ್ರಿ ಮೇಡಂ?” ಎಂದು ಕೇಳಿದರು. ಹನ್ನೊಂದು ಸಲ ಎಂದು ನಿಜವನ್ನೇ ಹೇಳಿದೆ. ಅವರು ಬೈಯಲಿಲ್ಲವಾದರೂ ಮುಖ ಸ್ವಲ್ಪ ಬಾಡಿತು. ಒಳಗೆ ತಿರುಗುವ ತಟ್ಟೆಯ ಮೇಲೆ ಕೂದಲೆಳೆಗಿಂತಲೂ ಕಡಿಮೆ ಅಂತರದಲ್ಲಿ ಓಡಾಡುತ್ತಾ ಮಾಹಿತಿಯನ್ನು ಓದುವ ಹೆಡ್ ಇರುತ್ತದೆಂದೂ, ಅದು ದುರ್ಬಲವಾಗಿರುವಾಗ ಮತ್ತೆ ಮತ್ತೆ ಚಾಲೂ ಮಾಡಿದರೆ ತಟ್ಟೆಯನ್ನೇ ಗೀಚಿ, ಉಳಿದಿರುವುದನ್ನೂ ಕಳೆಯಬಹುದೆಂದೂ ವಿವರಿಸಿದರು. ಅವರ ಕ್ರಮ ಹೀಗೆ: ಮೊದಲು ಇಡೀ ಡಿಸ್ಕಿನ ಪಡಿಯಚ್ಚನ್ನು ಇನ್ನೊಂದು ಡಿಸ್ಕಿಗೆ ಇಳಿಸುವುದು, ಓದಲು ಬಾರದ ಜಾಗಗಳನ್ನು ಸದ್ಯಕ್ಕೆ ಬಿಟ್ಟು ಮುಂದೆ ಸಾಗುವುದು, ಕೊನೆಯಲ್ಲಿ ಆ ಜಾಗಗಳಿಗೆ ಮರಳಿ ಇನ್ನೊಮ್ಮೆ ಪ್ರಯತ್ನಿಸುವುದು, ಆಮೇಲೆ ಪಡಿಯಚ್ಚಿನಲ್ಲಿ ಮಾತ್ರ ಹುಡುಕುವುದು. ಮೂಲವನ್ನು ಮತ್ತೆ ಮುಟ್ಟುವುದಿಲ್ಲ. ಬಾಗಿಲಲ್ಲಿ ನಿಂತು ಆತುರಪಡುವವರ ಎದುರಿಗೂ ಈ ಕ್ರಮವನ್ನು ಬಿಡದಿರುವುದೇ ಅಂಗಡಿಯ ಬಗ್ಗೆ ನಾನು ಹೇಳಬಹುದಾದ ಅತಿ ಒಳ್ಳೆಯ ಮಾತು. ಎಲ್ಲವೂ ಸಿಗುತ್ತದೆಯೇ ಎಂದು ಕೇಳಿದಾಗ ಅವರು ಹೇಳಿದ್ದು: “ಬರೋದು ಬರುತ್ತೆ ಮೇಡಂ. ಬರದೇ ಇರೋದನ್ನ ನಾನು ಬರಿಸೋಕಾಗಲ್ಲ.”

ತಮ್ಮದೇ ಫಲಕದ ‘ಹಿಂಪಡೆಯಲಾಗುವುದು’ ಎಂಬ ಭರವಸೆಯನ್ನು ಅವರು ತಮ್ಮ ಆಡುಮಾತಿನಿಂದಲೇ ತಿದ್ದಿದ್ದರು. ಈ ತಿದ್ದುಪಡಿ ಏಕೆ ಸರಿಯೆಂಬುದನ್ನು ಸ್ವಲ್ಪ ವಿಸ್ತರಿಸಿ ಹೇಳುವುದಕ್ಕೆ ಅವಕಾಶ ಕೊಡಬೇಕು, ಏಕೆಂದರೆ ಈ ಅಂಗಡಿಯ ಗುಣವೂ ದೋಷವೂ ಕೊನೆಗೆ ಈ ಪದದ ಸುತ್ತಲೇ ಇವೆ.

‘ಹಿಂಪಡೆ’ ಪದ ಕನ್ನಡದಲ್ಲಿ ನಿಜವಾಗಿ ಎಲ್ಲಿ ಬಳಕೆಯಲ್ಲಿದೆಯೆಂದು ನೋಡಿರಿ. ಅಭ್ಯರ್ಥಿ ನಾಮಪತ್ರ ಹಿಂಪಡೆಯುತ್ತಾನೆ, ದೂರುದಾರ ದೂರು ಹಿಂಪಡೆಯುತ್ತಾನೆ, ಸರ್ಕಾರ ಆದೇಶ ಹಿಂಪಡೆಯುತ್ತದೆ, ಗ್ರಾಹಕ ಎಟಿಎಂನಲ್ಲಿ ಹಣ ಹಿಂಪಡೆಯುತ್ತಾನೆ. ಈ ನಾಲ್ಕರಲ್ಲಿಯೂ ಏನೂ ಕಳೆದುಹೋಗಿಲ್ಲ. ತಾನೇ ಕೊಟ್ಟದ್ದನ್ನು, ತಾನೇ ಇಟ್ಟದ್ದನ್ನು, ತನ್ನ ಇಚ್ಛೆಯಿಂದ ವಾಪಸು ತೆಗೆದುಕೊಳ್ಳುವುದು ಅದರ ಅರ್ಥ. ಕಳೆದುಹೋದ ವಸ್ತುವನ್ನು ನಾನು ಯಾರಿಗೂ ಕೊಟ್ಟಿರಲಿಲ್ಲ. ನನ್ನ ಡಿಸ್ಕಿನಲ್ಲಿದ್ದುದನ್ನು ನಾಮಪತ್ರದಂತೆ ಸಲ್ಲಿಸಿರಲೂ ಇಲ್ಲ. ಎರಡು ಅರ್ಥಗಳಿಗೆ ಒಂದೇ ಪದವನ್ನು ಹಚ್ಚಿದರೆ ಆಗುವ ಗೊಂದಲಕ್ಕೆ ಕೊಡಗಿನವರಿಗೆ ತಟ್ಟನೆ ಅರ್ಥವಾಗುವ ಉದಾಹರಣೆ ಭೂಮಿಯದು: ‘ಸರ್ಕಾರ ಭೂಮಿಯನ್ನು ಹಿಂಪಡೆಯಿತು’ ಎಂಬ ವಾಕ್ಯದಲ್ಲಿ, ಒತ್ತುವರಿಯಾಗಿದ್ದುದನ್ನು ಬಿಡಿಸಿಕೊಂಡಿತೋ ಮಂಜೂರು ಮಾಡಿದ್ದುದನ್ನು ರದ್ದುಪಡಿಸಿತೋ ಎಂದು ಯಾರೂ ಹೇಳಲಾರರು. ಮೊದಲನೆಯದರಲ್ಲಿ ಸರ್ಕಾರ ಕಳೆದುಕೊಂಡವರ ಸ್ಥಾನದಲ್ಲಿದೆ, ಎರಡನೆಯದರಲ್ಲಿ ಕಸಿದುಕೊಂಡವರ ಸ್ಥಾನದಲ್ಲಿದೆ. ‘ಬಿಡಿಸಿಕೊಂಡಿತು’ ಅಥವಾ ‘ಮರಳಿ ಪಡೆಯಿತು’ ಎಂದಿದ್ದರೆ ಪತ್ರಿಕೆಯ ಓದುಗರು ತಲೆ ಕೆರೆದುಕೊಳ್ಳಬೇಕಾಗುತ್ತಿರಲಿಲ್ಲ.

ತಪ್ಪಿನ ಬೇರು ‘ರಿಕವರಿ’ ಎಂಬ ಇಂಗ್ಲಿಷ್ ಪದದ ಅಗಲದಲ್ಲಿದೆ. ಅದರ ಮೂಲ ಲ್ಯಾಟಿನ್ ಭಾಷೆಯಲ್ಲಿದ್ದು, ಹೊದಿಕೆ ಎಂಬರ್ಥದ ‘ಕವರ್’ಗೂ ಅದಕ್ಕೂ ಅರ್ಥದ ನಂಟಿಲ್ಲ; ಮೊಬೈಲ್ ಕವರ್ ಬದಲಿಸುವ ಅಂಗಡಿಯೆಂದು ತಿಳಿದು ಒಳಗೆ ಬಂದ ಒಬ್ಬ ಹಿರಿಯರನ್ನು ನಾನು ಅಲ್ಲಿಯೇ ಕಂಡೆ, ಅವರ ತರ್ಕದಲ್ಲಿ ತಪ್ಪೇನೂ ಕಾಣಲಿಲ್ಲ. ಇಂಗ್ಲಿಷಿನವರಿಗೆ ರೋಗಿಯೂ ರಿಕವರ್ ಆಗುತ್ತಾನೆ, ಸಾಲವೂ ರಿಕವರ್ ಆಗುತ್ತದೆ, ಕಳವಾದ ಸರವೂ, ಕಾಫಿ ತೋಟದ ನಷ್ಟವೂ, ಫೈಲೂ. ನಮ್ಮಲ್ಲಿ ಇವಕ್ಕೆ ಒಂದೊಂದಕ್ಕೂ ಒಂದೊಂದು ಮಾತಿದೆ. ಜ್ವರದಿಂದ ಎದ್ದವನು ಚೇತರಿಸಿಕೊಳ್ಳುತ್ತಾನೆ, ಗಾಯ ವಾಸಿಯಾಗುತ್ತದೆ, ಗುಡ್ಡ ಹತ್ತಿ ಬಂದವರು ಜಗಲಿಯಲ್ಲಿ ಕುಳಿತು ಸುಧಾರಿಸಿಕೊಳ್ಳುತ್ತಾರೆ, ಪಾಚಿಗಟ್ಟಿದ ಮೆಟ್ಟಿಲಲ್ಲಿ ಕಾಲು ಜಾರಿದವರು ಬೀಳದೆ ಸಾವರಿಸಿಕೊಳ್ಳುತ್ತಾರೆ. ಈ ಕ್ರಿಯಾಪದಗಳಲ್ಲಿ ಹೆಚ್ಚಿನವು ‘ಕೊಳ್ಳು’ ಎಂದೇ ಮುಗಿಯುವುದನ್ನು ಗಮನಿಸಬೇಕು, ಇಲ್ಲಿ ಮರಳಿ ಬರುವುದು ಹೊರಗಿನ ವಸ್ತುವಲ್ಲ, ತನ್ನದೇ ಸ್ಥಿತಿ. ಸಾಲದ ವಿಷಯಕ್ಕೆ ‘ವಸೂಲಿ’ ಇದೆ. ಇದು ಅರಬ್ಬಿಯಿಂದ ಬಂದ ಪದ, ಮೂಲದಲ್ಲಿ ‘ತಲುಪುವುದು, ಸೇರುವುದು’ ಎಂಬಷ್ಟೇ ಅರ್ಥ. ಆದರೆ ನಮ್ಮಲ್ಲಿ ವಸೂಲಿಯೆಂದರೆ ಬಾಗಿಲಿಗೆ ಬಂದು ನಿಲ್ಲುವವರ ನೆನಪಾಗುತ್ತದೆ. ಕಳವಿನ ವಿಷಯದಲ್ಲಿ ಪೊಲೀಸರು ಮಾಲನ್ನು ‘ವಶಪಡಿಸಿಕೊಳ್ಳುತ್ತಾರೆ’, ನಂತರ ವಾರಸುದಾರರಿಗೆ ‘ಹಿಂದಿರುಗಿಸುತ್ತಾರೆ’. ಕಳೆದುಕೊಂಡವರ ಕಡೆಯಿಂದ ನೋಡಿದರೆ ಅದೇ ಘಟನೆ ‘ಸರ ಸಿಕ್ಕಿತು’ ಎಂದಾಗುತ್ತದೆ.

ತೋಟದ ಲೆಕ್ಕದಲ್ಲಿ ಇದಕ್ಕಿರುವ ಮಾತುಗಳನ್ನು ಭಾಷಾಂತರಕಾರರು ಇನ್ನೂ ಬಳಸಿಕೊಂಡಿಲ್ಲವೆಂಬುದು ನನ್ನ ಕೊರಗು. ‘ಈ ಸಲ ಕೊಯ್ಲಿನ ಕೂಲಿಯೂ ಗಿಟ್ಟಲಿಲ್ಲ’, ‘ಗೊಬ್ಬರಕ್ಕೆ ಹಾಕಿದ ದುಡ್ಡು ಹುಟ್ಟಲಿಲ್ಲ’, ‘ಬೆಲೆ ಏರಿದ್ದರಿಂದ ಹಳೆಯ ನಷ್ಟ ತುಂಬಿಕೊಂಡಿತು’, ‘ಅಸಲು ಕೈಸೇರಿತು’ ಎಂದು ಕಾಫಿ, ಕರಿಮೆಣಸು ಬೆಳೆಯುವವರು ದಿನವೂ ಆಡುತ್ತಾರೆ. ಹಾಕಿದ ಬಂಡವಾಳ ‘ಹುಟ್ಟುವುದು’ ಎಂಬ ಮಾತಿನಲ್ಲಿ ಖರ್ಚಾದ ಹಣವೇ ಹೊಸದಾಗಿ ಮೂಡಿ ಬರುವ ಚಿತ್ರವಿದೆ. ಇಷ್ಟಿದ್ದೂ ಸಹಕಾರ ಸಂಘದ ಅರ್ಜಿಯೊಂದರಲ್ಲಿ ‘ವೆಚ್ಚದ ಪುನಃಪ್ರಾಪ್ತಿ’ ಎಂದು ಬರೆದಿದ್ದೇನೆ, ಅದನ್ನು ಓದಿದ ಬೆಳೆಗಾರರೊಬ್ಬರು ಪುಣ್ಯಪ್ರಾಪ್ತಿಯ ವಿಷಯವಿರಬೇಕೆಂದು ನಕ್ಕರು. ಸರಿಯಾದ ಮಾತು ‘ಹಾಕಿದ ಖರ್ಚು ಗಿಟ್ಟುವುದು’ ಎಂದಿತ್ತು. ಮೇಲಿನವರು ಅದನ್ನು ಒಪ್ಪುತ್ತಿದ್ದರೇ ಎಂಬುದು ಬೇರೆ ಮಾತು.

ಫೋನುಗಳ ಕನ್ನಡದಲ್ಲಿ ಕಾಣುವ ‘ಮರುಪಡೆಯಿರಿ’ ಎಂಬ ರೂಪವನ್ನೂ ಇಲ್ಲಿಯೇ ತೂಗಿ ನೋಡಬಹುದು. ‘ಮರು’ ಎಂದರೆ ಇನ್ನೊಂದು ಸಲ: ಮರುಮುದ್ರಣ, ಮರುಪರೀಕ್ಷೆ, ಮರುಮದುವೆ. ‘ಮರಳಿ’ ಎಂದರೆ ಹಿಂದಕ್ಕೆ: ಹೋದದ್ದೇ ಬರುವುದು. ಶಾಲೆಯ ಅಂಕಪಟ್ಟಿ ಕಳೆದು, ಅರ್ಜಿ ಹಾಕಿ ಎರಡನೆಯ ಪ್ರತಿ ತಂದರೆ ಅದನ್ನು ಮರುಪಡೆದಂತೆ. ಅದೇ ಅಂಕಪಟ್ಟಿ ಅಟ್ಟದ ಪೆಟ್ಟಿಗೆಯಲ್ಲಿ ಕಂಡರೆ ಮರಳಿ ಸಿಕ್ಕಿದಂತೆ. ಈ ವ್ಯತ್ಯಾಸ ಕೇವಲ ಪಂಡಿತರದಲ್ಲ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ ಭಾಗಗಳಲ್ಲಿ ಗುಡ್ಡ ಕುಸಿದು ಮನೆ ಕಳೆದುಕೊಂಡವರಿಗೆ ಜಂಬೂರು, ಮದೆನಾಡು ಮುಂತಾದ ಕಡೆ ಸರ್ಕಾರ ಮನೆ ಕಟ್ಟಿಸಿಕೊಟ್ಟಿತು. ಅವರಲ್ಲಿ ನಾನು ಮಾತಾಡಿಸಿದವರೆಲ್ಲ ‘ಮನೆ ಸಿಕ್ಕಿದೆ’ ಎಂದರೇ ಹೊರತು ‘ಮನೆ ಮರಳಿ ಸಿಕ್ಕಿದೆ’ ಎಂದು ಒಬ್ಬರೂ ಹೇಳಲಿಲ್ಲ. ಆ ದಿನಗಳ ಇಂಗ್ಲಿಷ್ ವರದಿಗಳಲ್ಲಿ ಮಣ್ಣಿನಡಿಯ ದೇಹಗಳಿಗೂ ಇದೇ ‘ರಿಕವರ್’ ಪದವಿತ್ತು, ಕನ್ನಡದಲ್ಲಿ ‘ಪತ್ತೆಯಾಯಿತು’, ‘ಹೊರತೆಗೆಯಲಾಯಿತು’ ಎಂದು ಬರೆದರು. ಸತ್ತವರನ್ನು ‘ಮರಳಿ ಪಡೆದರು’ ಎಂದು ಬರೆಯಲು ಯಾವ ಉಪಸಂಪಾದಕರ ಕೈಯೂ ಏಳಲಾರದು.

ಈಗ ರಸೀದಿಗೆ ಬರುತ್ತೇನೆ. ನಾಲ್ಕನೆಯ ದಿನ ಕೈಗೆ ಬಂದ ಆ ಹಳದಿ ಕಾಗದದಲ್ಲಿ ಮೂರು ಕಲಂಗಳಿದ್ದವು: ‘ಮರಳಿ ದೊರೆತವು’, ‘ಅರೆಬರೆ ದೊರೆತವು’, ‘ದೊರೆಯದವು’. ಒಂದೊಂದರ ಕೆಳಗೂ ಪೆನ್ನಿನಲ್ಲಿ ಫೈಲುಗಳ ಸಂಖ್ಯೆ. ಡಿಸ್ಕಿನ ಒಳಗಿನ ಸೂಚಿ ಕೆಡದೆ ಉಳಿದಿದ್ದರಿಂದ ಒಟ್ಟು 18,640 ಫೈಲುಗಳಿದ್ದವೆಂಬ ಲೆಕ್ಕ ಅವರಿಗೆ ಸಿಕ್ಕಿತ್ತು. ‘ಪಡೆ’ ಎಂಬ ಕ್ರಿಯಾಪದವನ್ನು ಬಿಟ್ಟು ‘ದೊರೆ’ ಎಂಬುದನ್ನು ಆರಿಸಿಕೊಂಡಿದ್ದು ನನ್ನ ಕಣ್ಣಿಗೆ ಬಿತ್ತು. ‘ನಾನು ಪಡೆದೆ’ ಎಂದಾಗ ನಾನು ಕರ್ತೃ, ಪ್ರಯತ್ನವೂ ಫಲವೂ ನನ್ನ ಹಿಡಿತದಲ್ಲಿವೆ ಎಂಬ ಧ್ವನಿ ಬರುತ್ತದೆ. ‘ನನಗೆ ದೊರೆಯಿತು’ ಎಂದಾಗ ವಸ್ತುವೇ ಕರ್ತೃ, ನಾನು ಚತುರ್ಥಿ ವಿಭಕ್ತಿಯಲ್ಲಿ ಕೈಯೊಡ್ಡಿ ನಿಂತಿರುತ್ತೇನೆ. ಹುಡುಕುವುದು ಅಂಗಡಿಯವರ ಕೆಲಸ, ದೊರೆಯುವುದು ಡಿಸ್ಕಿನ ಸ್ಥಿತಿಗೆ ಬಿಟ್ಟದ್ದು. ವ್ಯಾಕರಣ ಇಲ್ಲಿ ಕರಾರುಪತ್ರದ ಕೆಲಸ ಮಾಡುತ್ತಿತ್ತು. ‘ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು’ ಎಂಬ ಗಾದೆಯಲ್ಲಿಯೂ ಮಾನ ಹೋಗುತ್ತದೆ, ಬರುವುದಿಲ್ಲ. ಅದನ್ನು ಯಾರೂ ‘ಪಡೆಯುವ’ ಮಾತೇ ಇಲ್ಲ.

ಈ ಒಕ್ಕಣೆ ಯಾರದೆಂದು ಮಾಲೀಕರನ್ನು ಕೇಳಿದೆ. ಯಾರೋ ಕನ್ನಡ ಮೇಷ್ಟರು ಬರೆದುಕೊಟ್ಟಿರಬೇಕೆಂದು ಎಣಿಸಿದ್ದೆ. ಹಾಗೇನೂ ಇರಲಿಲ್ಲ. ಹಿಂದಿನ ರಸೀದಿಯಲ್ಲಿಯೂ ಫಲಕದಂತೆಯೇ ‘ಹಿಂಪಡೆಯಲಾಗುವುದು’ ಎಂದಿತ್ತಂತೆ. ಮದುವೆಯ ವಿಡಿಯೊ ಅರ್ಧ ಮಾತ್ರ ಸಿಕ್ಕಿದ ಗಿರಾಕಿಯೊಬ್ಬರು ಆ ಸಾಲಿಗೆ ಬೆರಳಿಟ್ಟು, ಬರವಣಿಗೆಯಲ್ಲಿ ಕೊಟ್ಟ ಮೇಲೆ ಪೂರ್ತಿ ಕೊಡಬೇಕಲ್ಲವೇ ಎಂದು ಒಂದು ಗಂಟೆ ಜಗಳವಾಡಿ, ಹಣ ಕೊಡದೆ ಹೋದರಂತೆ. ಅಂದೇ ರಾತ್ರಿ ಮಾಲೀಕರು ತಾವೇ ಕುಳಿತು ಪದಗಳನ್ನು ಬದಲಿಸಿದರು. “ಫಲಕ ಯಾಕೆ ಬದಲಾಯಿಸಲಿಲ್ಲ?” ಎಂದರೆ, “ಅದಕ್ಕೆ ಮೂರೂವರೆ ಸಾವಿರ ಕೊಟ್ಟಿದ್ದೀನಿ ಮೇಡಂ, ಮಳೆಗೆ ತುಕ್ಕು ಹಿಡೀಲಿ, ಆಮೇಲೆ ನೋಡೋಣ” ಎಂದರು. ಶಬ್ದಾರ್ಥದ ಬಗ್ಗೆ ನಾನು ಓದಿದ ಎಷ್ಟೋ ಲೇಖನಗಳಿಗಿಂತ ಆ ಗಿರಾಕಿಯ ಜಗಳ ಹೆಚ್ಚು ಕೆಲಸ ಮಾಡಿದೆ.

ದೂರು ಇರುವುದು ನಡುವಿನ ಕಲಂನ ಬಗ್ಗೆ. ನನ್ನ ರಸೀದಿಯಲ್ಲಿ ‘ಅರೆಬರೆ ದೊರೆತವು’ ಎಂಬುದರ ಕೆಳಗೆ 1,340 ಎಂದು ಬರೆದು, ಪಕ್ಕದಲ್ಲಿ ಹುಡುಗನ ಕೈಬರಹದಲ್ಲಿ ‘ಒಳಗಿನ ಅಕ್ಷರ ಹಾಳು’ ಎಂಬ ಟಿಪ್ಪಣಿಯಿತ್ತು. ಅವು ನನ್ನ ಮೊದಲ ವರ್ಷಗಳ ಕೆಲಸಗಳು, ಪದಪಟ್ಟಿಯೂ ಅವುಗಳಲ್ಲಿತ್ತು. ಒಂದನ್ನು ತೆರೆದು ತೋರಿಸಲು ಹೇಳಿದೆ. ಪರದೆಯ ತುಂಬ ಇಂಗ್ಲಿಷ್ ಅಕ್ಷರಗಳು, ಅವುಗಳ ನೆತ್ತಿಯ ಮೇಲೆ ಗೀಟು, ಚುಕ್ಕಿ, ಸೊನ್ನೆಗಳು, ನಡುನಡುವೆ ನಾಣ್ಯದ ಚಿಹ್ನೆಗಳು. ಬಿದ್ದು ಚೆಲ್ಲಾಪಿಲ್ಲಿಯಾದ ಅಚ್ಚುಮೊಳೆಗಳಂತೆ ಕಾಣುತ್ತಿತ್ತು. ಹುಡುಗ ಅದನ್ನು ಹಾಳೆಂದು ತಿಳಿದುದರಲ್ಲಿ ಆಶ್ಚರ್ಯವಿಲ್ಲ, ಆದರೆ ನನಗೆ ಅದು ನೋಡಿದ ಕೂಡಲೇ ಗುರುತು ಸಿಕ್ಕಿತು. ಅದು ಹಳೆಯ ನುಡಿ ಫಾಂಟಿನಲ್ಲಿ ಬೆರಳಚ್ಚು ಮಾಡಿದ ಕನ್ನಡ. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದ ಹಳೆಯ ಫಾಂಟುಗಳು, ಯೂನಿಕೋಡ್‌ನಂತೆ ಕನ್ನಡ ಅಕ್ಷರಗಳಿಗೆ ಅವುಗಳದೇ ಸಂಕೇತಗಳನ್ನು ಬಳಸದೆ, ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಅಕ್ಷರಭಾಗಗಳ ಚಿತ್ರಗಳನ್ನು ಕೂರಿಸಿಕೊಂಡಿದ್ದವು. ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಈ ಕಲಸುಮೇಲೋಗರ. ಫೈಲಿನ ಒಂದು ಅಕ್ಷರವೂ ಕೆಟ್ಟಿರಲಿಲ್ಲ.

ಫಾಂಟ್ ಹಾಕಿಸಿದೆ. ಎರಡು ನಿಮಿಷದಲ್ಲಿ ಪರದೆಯ ಮೇಲೆ ‘ಸಾಲ ವಸೂಲಾತಿ ಅಧಿಕಾರಿಯ ಸಹಿ’ ಎಂಬ ಸಾಲು ಮೂಡಿತು. ಹುಡುಗ ಕುರ್ಚಿಯಿಂದ ಎದ್ದೇಬಿಟ್ಟ. ಆ 1,340ರಲ್ಲಿ 1,214 ಫೈಲುಗಳು ಇಂಥವೇ ಆಗಿದ್ದವು. ಕನ್ನಡ ನಾಡಿನಲ್ಲಿ ದಸ್ತಾವೇಜುಗಳನ್ನು ಹುಡುಕಿಕೊಡುವ ಅಂಗಡಿಯೊಂದಕ್ಕೆ ಈ ಒಂದು ಸಂಗತಿ ಗೊತ್ತಿಲ್ಲದಿರುವುದು ಸಣ್ಣ ತಪ್ಪಲ್ಲ. ಸುಮಾರು ಹದಿನೈದು ವರ್ಷಗಳ ಹಿಂದಿನ ಕಚೇರಿ ಕಡತಗಳೂ, ಊರೂರಿನ ಡಿಟಿಪಿ ಅಂಗಡಿಗಳಲ್ಲಿ ತಯಾರಾದ ಮದುವೆಯ ಕರೆಯೋಲೆಗಳೂ ಬಹುಪಾಲು ಇದೇ ರೀತಿಯ ಫಾಂಟುಗಳಲ್ಲಿವೆ. ನನಗಿಂತ ಮೊದಲು ಎಷ್ಟು ಜನ ತಮ್ಮ ಕಡತ ‘ಹಾಳು’ ಎಂಬ ಟಿಪ್ಪಣಿಯನ್ನು ನಂಬಿ, ಸರಿಯಾಗಿಯೇ ಇದ್ದುದನ್ನು ಅಳಿಸಿಬಿಟ್ಟಿರಬಹುದು ಎಂದು ಯೋಚಿಸಿದರೆ ಸಂಕಟವಾಗುತ್ತದೆ. ಮಾಲೀಕರು ತಪ್ಪೊಪ್ಪಿಕೊಂಡರು, ಫಾಂಟನ್ನು ಉಳಿಸಿಕೊಂಡರು, ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳಿರುವುದನ್ನೂ ಬರೆದುಕೊಂಡರು. ಪರಿವರ್ತನೆಯ ನಂತರವೂ ಕೆಲವು ಒತ್ತಕ್ಷರಗಳು ಜಾರುತ್ತವೆ, ಅರ್ಕಾವತ್ತು ಅಲ್ಲಲ್ಲಿ ತಪ್ಪು ಅಕ್ಷರದ ಬೆನ್ನೇರುತ್ತದೆ. ಅವನ್ನು ಕಣ್ಣಿಂದಲೇ ತಿದ್ದಬೇಕು, ನಾನು ಈಗಲೂ ತಿದ್ದುತ್ತಿದ್ದೇನೆ.

ಈ ಫೈಲುಗಳಿಗೆ ಯಾವ ಪದ ಎಂಬ ಪ್ರಶ್ನೆ ಬಸ್ಸಿನಲ್ಲಿ ಮನೆಗೆ ಬರುವಾಗ ಕಾಡಿತು. ಅವು ಡಿಸ್ಕಿನಿಂದ ಮರಳಿ ದೊರೆತಿದ್ದವು, ಆದರೆ ಓದಲು ದಕ್ಕಿರಲಿಲ್ಲ. ‘ದಕ್ಕು’ ಎಂಬುದು ಇಲ್ಲಿ ಒಳ್ಳೆಯ ಮಾತು. ಕೈಗೆ ಬಂದದ್ದೆಲ್ಲ ದಕ್ಕುವುದಿಲ್ಲ, ತಿಂದದ್ದೆಲ್ಲ ದಕ್ಕುವುದಿಲ್ಲ. ತನ್ನದಾಗಿ ಉಳಿದು ಉಪಯೋಗಕ್ಕೆ ಬಂದದ್ದು ಮಾತ್ರ ದಕ್ಕಿದ್ದು. ರಸೀದಿಗೆ ನಾಲ್ಕನೆಯ ಕಲಂ ಸೇರಿಸುವುದಾದರೆ ‘ದೊರೆತವು, ತೆರೆದು ನೋಡಬೇಕು’ ಎಂದಿರಲಿ ಎಂದು ಮಾಲೀಕರಿಗೆ ಹೇಳಿ ಬಂದಿದ್ದೇನೆ.

ತಿದ್ದಿದ ಲೆಕ್ಕ ಹೀಗಿದೆ: ಮರಳಿ ದೊರೆತವು 17,902, ಅರೆಬರೆ ದೊರೆತವು 126, ದೊರೆಯದವು 612. ಅರೆಬರೆಯವುಗಳಲ್ಲಿ ನನ್ನ ತಂದೆಯವರ ಒಂದು ಫೋಟೊ ಇದೆ. ಜಗಲಿಯಲ್ಲಿ ಕುಳಿತ ಅವರ ಮುಖ, ಹೆಗಲ ಮೇಲಿನ ಟವೆಲು, ಹಿಂದಿನ ಕಿತ್ತಳೆ ಗಿಡ ಸ್ಪಷ್ಟವಾಗಿವೆ. ಎದೆಯ ಕೆಳಗಿನ ಭಾಗವೆಲ್ಲ ಬೂದು ಬಣ್ಣದ ಹಲಗೆಯಾಗಿದೆ. ಫೋಟೊದ ಮಾಹಿತಿ ಮೇಲಿನಿಂದ ಕೆಳಗೆ ಸಾಲುಸಾಲಾಗಿ ಶೇಖರವಾಗಿರುತ್ತದಾದ್ದರಿಂದ ನಡುವೆ ಒಂದು ತುಣುಕು ಕೆಟ್ಟರೆ ಅಲ್ಲಿಂದ ಮುಂದಿನದು ಹೀಗಾಗುತ್ತದೆಂದು ಮಾಲೀಕರು ಹೇಳಿದರು. ಅಚ್ಚು ಹಾಕಿಸಿಟ್ಟುಕೊಂಡಿದ್ದೇನೆ.

ಹೋಗುವವರಿಗೆ ಉಪಯೋಗವಾಗುವ ಕೆಲವು ಮಾತುಗಳು. ಪರೀಕ್ಷಿಸಿ ನೋಡುವುದಕ್ಕೆ ₹500 ಪಡೆದರು, ಕೆಲಸವಾದ ಮೇಲೆ ಅದನ್ನು ಒಟ್ಟು ಬಿಲ್ಲಿನಲ್ಲಿ ವಜಾ ಮಾಡಿದರು. ಬಿಲ್ಲು ₹6,500 ಆಯಿತು, ಹೊಸ ಡಿಸ್ಕಿನ ಬೆಲೆ ಪ್ರತ್ಯೇಕ. ಡಿಸ್ಕನ್ನು ಬಿಚ್ಚಿ ತಟ್ಟೆ ಹೊರತೆಗೆಯಬೇಕಾದ ಕೆಲಸವನ್ನು ಇವರು ಮಾಡುವುದಿಲ್ಲ, ದೂಳಿಲ್ಲದ ಕೋಣೆ ಬೇಕೆಂದು ಹೇಳಿ ಬೆಂಗಳೂರಿಗೆ ಕಳುಹಿಸುತ್ತಾರೆ. ‘ಇಲ್ಲೇ ಬಿಚ್ಚಿ ನೋಡೋಣ’ ಎನ್ನುವ ಅಂಗಡಿಗಿಂತ ಇದು ಮೇಲು. ಎಸ್‌ಎಸ್‌ಡಿಯಲ್ಲಿ (ತಿರುಗುವ ತಟ್ಟೆಯಿಲ್ಲದೆ ಚಿಪ್‌ಗಳಲ್ಲಿಯೇ ಮಾಹಿತಿ ಇಡುವ ಹೊಸ ಬಗೆಯ ಡಿಸ್ಕಿನಲ್ಲಿ) ಅಳಿಸಿಹೋದ ಫೈಲುಗಳ ವಿಷಯದಲ್ಲಿ ಹೆಚ್ಚಿನ ಆಸೆ ಇಟ್ಟುಕೊಳ್ಳಬೇಡಿ. ಹಳೆಯ ಹಾರ್ಡ್ ಡಿಸ್ಕಿನಲ್ಲಿ ಅಳಿಸಿದ ಫೈಲು, ಅದರ ಜಾಗದಲ್ಲಿ ಇನ್ನೊಂದು ಬಂದು ಕೂರುವವರೆಗೆ ಉಳಿದಿರುತ್ತದೆ, ಎಸ್‌ಎಸ್‌ಡಿ ಆ ಜಾಗವನ್ನು ತಾನಾಗಿಯೇ ಬೇಗ ಬರಿದು ಮಾಡಿಕೊಳ್ಳುತ್ತದೆ. ಒದ್ದೆಯಾದ ಫೋನನ್ನು ಅಕ್ಕಿಯ ಡಬ್ಬಿಯಲ್ಲಿಟ್ಟು ಎರಡು ದಿನ ಕಾದು ಬಂದವರನ್ನು ಮಾಲೀಕರು ಚೆನ್ನಾಗಿ ಗದರಿಸುತ್ತಾರೆ, ಆ ಎರಡು ದಿನಗಳಲ್ಲಿ ಒಳಗೆ ತುಕ್ಕು ಹಿಡಿದಿರುತ್ತದೆ. ಫೈಲುಗಳ ಪಡಿಯಚ್ಚನ್ನು ಹದಿನೈದು ದಿನ ಇಟ್ಟುಕೊಂಡು ನಂತರ ಅಳಿಸುತ್ತೇವೆಂದು ಬಾಯಿಮಾತಿನಲ್ಲಿ ಹೇಳುತ್ತಾರೆ, ರಸೀದಿಯಲ್ಲಿ ಆ ಸಾಲು ಇಲ್ಲ. ಬರೆಸಿಕೊಳ್ಳಿರಿ. ಅವರ ಮುಂದೆಯೇ ಪ್ರತಿಯೊಂದು ಕಲಂನಿಂದ ನಾಲ್ಕಾರು ಫೈಲುಗಳನ್ನು ತೆರೆಸಿ ನೋಡಿರಿ, ಹಳೆಯ ಕನ್ನಡ ಫೈಲುಗಳಿದ್ದರೆ ಯಾವ ಫಾಂಟಿನಲ್ಲಿ ಮಾಡಿದ್ದೆಂದು ಒಂದು ಚೀಟಿಯಲ್ಲಿ ಬರೆದು ಡಿಸ್ಕಿಗೆ ಅಂಟಿಸಿ ಕೊಡಿರಿ. ಭಾನುವಾರ ಅಂಗಡಿ ತೆರೆಯುವುದಿಲ್ಲ, ಮಳೆ ಜೋರಾಗಿ ಕರೆಂಟು ಹೋದ ದಿನ ಮಧ್ಯಾಹ್ನದ ನಂತರವೂ ತೆರೆದಿರುವುದು ಕಡಿಮೆ.